ಗಸಗಸೆ ಹೂ ಬೇಡ, ಸರಿ, ಸತ್ತವರೂ ಬೇಡವೆ?

(ಡಬ್ಲಿನ್‌ನಲ್ಲಿ ಉದ್ಯೋಗದಲ್ಲಿರುವ, ಮೂಲತಃ ಸಾಗರದ ಕಡೆಯ ಓದುಗರೊಬ್ಬರು ನಮಗೆ ಖಾರವಾದ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: "ನವೆಂಬರ್ ಬಂತೆಂದರೆ ನಮ್ಮ ಕಂಪನಿಯ ಲಂಡನ್ ಕಚೇರಿಯವರೆಲ್ಲ ಯುದ್ಧಗಳಲ್ಲಿ ಮಡಿದ ಸೈನಿಕರ ನೆನಪಿಗೆಂದು ಎದೆಗೆ ಕಾಗದದ ಕೆಂಪು ಗಸಗಸೆ ಹೂ ಸಿಕ್ಕಿಸಿಕೊಂಡು ವೀಡಿಯೊ ಸಭೆಗೆ ಬರುತ್ತಾರೆ. ಇಲ್ಲಿ ಡಬ್ಲಿನ್‌ನಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಕಳೆದ ಬಾರಿ ಒಬ್ಬ ಐರಿಷ್ ಸಹೋದ್ಯೋಗಿ ಅಜ್ಜನ ನೆನಪಿಗೆಂದು ಹಾಕಿಕೊಂಡು ಬಂದಾಗ ಉಳಿದವರು ಮುಖ ತಿರುಗಿಸಿದರು. ಅವರು ಮಾಡಿದ್ದೇ ಸರಿ. ಸಂಬಳಕ್ಕಾಗಿ ಪರದೊರೆಯ ಪರ ಸತ್ತವರಿಗಾಗಿ ಸ್ವತಂತ್ರ ದೇಶ ಯಾಕೆ ಅಳಬೇಕು? ನಿಮ್ಮ ಸೆಪ್ಟೆಂಬರ್ ಸಂಚಿಕೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯ ಬೆಂಗಳೂರಿನ ಸ್ಮಾರಕವನ್ನು ಕೊಂಡಾಡಿದ್ದು ನಾಚಿಕೆಗೇಡು. ಐರಿಷರನ್ನು ನೋಡಿ ಕಲಿಯಿರಿ.")

ಮಿತ್ರರೇ, ಪತ್ರ ಖಾರವಾಗಿದ್ದರೂ ಪ್ರಾಮಾಣಿಕವಾಗಿದೆ. ಊರು ಬಿಟ್ಟು ಅಷ್ಟು ದೂರ ಹೋದಮೇಲೂ ಕನ್ನಡ ಪತ್ರಿಕೆಯೊಂದನ್ನು ಪುಟಪುಟ ಓದಿ ಜಗಳಕ್ಕೆ ಬರುವವರು ಎಷ್ಟು ಮಂದಿ ಇದ್ದಾರೆ? ಆ ಪ್ರೀತಿಗೆ ನಾನು ಋಣಿ. ಅದೇ ಸಲಿಗೆಯಿಂದ ಹೇಳುತ್ತೇನೆ: ಐರಿಷರನ್ನು ನೋಡಿ ಕಲಿಯಬೇಕು ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ನೀವು ನೋಡಿರುವುದು ಮಾತ್ರ ಅವರ ಅರ್ಧ ಮುಖವನ್ನು.

ಮೊದಲು ನಿಮ್ಮ ಪಕ್ಷದ ನ್ಯಾಯ. ಆ ಹೂವನ್ನು ಮಾರುವುದು ಮಾಜಿ ಸೈನಿಕರ ನೆರವಿನ ಸಂಸ್ಥೆ ರಾಯಲ್ ಬ್ರಿಟಿಷ್ ಲೀಜನ್, 1921ರಿಂದ. ಹಲವು ದಶಕ ಅದರ ನಡುವಿನ ಗುಂಡಿಯ ಮೇಲೆ ಮೊದಲ ಮಹಾಯುದ್ಧದ ಬ್ರಿಟಿಷ್ ದಂಡನಾಯಕ ಹೇಗ್ ಅವರ ಹೆಸರೇ ಇತ್ತು. ಸಂಗ್ರಹವಾದ ಹಣ ಎರಡು ಮಹಾಯುದ್ಧಗಳಲ್ಲಿ ಹೋರಾಡಿದವರಿಗಷ್ಟೇ ಅಲ್ಲ, ಇನ್ನೂ ಬ್ರಿಟನ್ನಿಗೇ ಸೇರಿರುವ ಉತ್ತರ ಐರ್ಲೆಂಡಿನ ಬೀದಿಗಳಲ್ಲಿ ಬಂದೂಕು ಹಿಡಿದು ನಿಂತ ಸೈನಿಕರಿಗೂ ಸಲ್ಲುತ್ತದೆ. ಅದೇ ಉತ್ತರ ಐರ್ಲೆಂಡಿನ ಡೆರಿ ನಗರದ ಫುಟ್‌ಬಾಲ್ ಆಟಗಾರ ಜೇಮ್ಸ್ ಮೆಕ್‌ಕ್ಲೀನ್ 2012ರಿಂದ ಇಂಗ್ಲಿಷ್ ಕ್ಲಬ್ಬುಗಳ ಅಂಗಿಯ ಮೇಲೆ ಆ ಹೂವನ್ನು ಧರಿಸಲು ಒಪ್ಪಲಿಲ್ಲ. ಅವರು ಹುಟ್ಟಿ ಬೆಳೆದದ್ದು ಕ್ರೆಗನ್ ಬಡಾವಣೆಯಲ್ಲಿ. 1972ರ ಜನವರಿ 30ರಂದು ಡೆರಿಯಲ್ಲಿ ಬ್ರಿಟಿಷ್ ಪ್ಯಾರಾ ಸೈನಿಕರು ನಿರಾಯುಧ ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಕೊಂದರು. ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಸತ್ತವರಲ್ಲಿ ಹಲವರು ಅದೇ ಕ್ರೆಗನ್‌ನವರು. ಬ್ರಿಟಿಷ್ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಲು 2010 ಬರಬೇಕಾಯಿತು. ಆ ಬೀದಿಯ ಹುಡುಗನಿಗೆ ಪ್ರತಿ ನವೆಂಬರಿನಲ್ಲಿ ಗ್ಯಾಲರಿಯಿಂದ ಬೈಗುಳ ಸುರಿಯುತ್ತಿತ್ತು. ಬಲವಂತವಾಗಿ ಹೂ ಚುಚ್ಚಿದರೆ ಯಾರ ಎದೆಯಲ್ಲೂ ದುಃಖ ಹುಟ್ಟುವುದಿಲ್ಲ. ಅಲ್ಲಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ.

ಆದರೆ ಅದೇ ಮೆಕ್‌ಕ್ಲೀನ್ 2014ರಲ್ಲಿ ತಮ್ಮ ಕ್ಲಬ್ಬಿನ ಅಧ್ಯಕ್ಷರಿಗೆ ಬರೆದ ಬಹಿರಂಗ ಪತ್ರವನ್ನು ನೀವು ಓದಿದ್ದೀರಾ? ಎರಡು ಮಹಾಯುದ್ಧಗಳಲ್ಲಿ ಮಡಿದವರಿಗೆ ಮಾತ್ರ ಸಲ್ಲುವ ಹೂವಾಗಿದ್ದರೆ ವರ್ಷವಿಡೀ ಬೇಕಾದರೂ ಧರಿಸುತ್ತಿದ್ದೆ, ಆ ಮಡಿದವರಲ್ಲಿ ಅನೇಕರು ಐರಿಷರೇ ಎಂಬರ್ಥದ ಮಾತು ಅದರಲ್ಲಿದೆ. ಹೂವನ್ನು ಅಷ್ಟು ಗಟ್ಟಿಯಾಗಿ ನಿರಾಕರಿಸಿದ ಮನುಷ್ಯ ಸತ್ತವರನ್ನು ನಿರಾಕರಿಸಲಿಲ್ಲ. ನಿಮ್ಮ ಕಚೇರಿಯಲ್ಲಿ ಅಜ್ಜನಿಗಾಗಿ ಹೂ ಮುಡಿದವನ ಕಡೆ ಮುಖ ತಿರುಗಿಸಿದವರು ಮಾಡಿದ್ದು ಬೇರೆಯೇ ಕೆಲಸ.

ಆ ಅಜ್ಜ ಯಾರಿದ್ದಿರಬಹುದು? ಮೊದಲ ಮಹಾಯುದ್ಧಕ್ಕೆ, ಆಗ ಬ್ರಿಟನ್ನಿನ ಆಳ್ವಿಕೆಯಲ್ಲೇ ಇದ್ದ ಐರ್ಲೆಂಡಿನಿಂದ ಹೋದವರು 2 ಲಕ್ಷಕ್ಕೂ ಮಿಕ್ಕಿದ್ದರು. ಹಿಂತಿರುಗದವರು 30ರಿಂದ 35 ಸಾವಿರ ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಅವರಲ್ಲಿ ಡಬ್ಲಿನ್ನಿನ ಕೊಳೆಗೇರಿಗಳಿಂದ ಹೊಟ್ಟೆಪಾಡಿಗೆ ಹೋದವರಿದ್ದರು. ಸೈನ್ಯ ಅವರ ಹೆಂಡಂದಿರಿಗೆ ವಾರವಾರ ಕೊಡುತ್ತಿದ್ದ ಭತ್ಯೆಯಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ರಾಷ್ಟ್ರೀಯವಾದಿ ನಾಯಕ ಜಾನ್ ರೆಡ್ಮಂಡ್ 1914ರ ಸೆಪ್ಟೆಂಬರಿನಲ್ಲಿ ವುಡನ್‌ಬ್ರಿಜ್ ಎಂಬಲ್ಲಿ ಕೊಟ್ಟ ಕರೆಯನ್ನು ನಂಬಿ, ಹೀಗೆ ಹೋದರೆ ನಮ್ಮ ದೇಶಕ್ಕೆ ಸ್ವಯಮಾಡಳಿತ ಸಿಗುತ್ತದೆ ಎಂದುಕೊಂಡು ಹೋದವರೂ ಇದ್ದರು. ಅವರ ತಮ್ಮ ವಿಲ್ಲಿ ರೆಡ್ಮಂಡ್ ಐವತ್ತು ದಾಟಿದ ಮೇಲೆ ಸಮವಸ್ತ್ರ ತೊಟ್ಟು 1917ರಲ್ಲಿ ಬೆಲ್ಜಿಯಂನ ಮೆಸೀನ್ ಕಾಳಗದಲ್ಲಿ ಸತ್ತರು. ಇವರನ್ನು "ಸಂಬಳಕ್ಕಾಗಿ ಸತ್ತವರು" ಎಂದು ಒಂದೇ ಚೀಲಕ್ಕೆ ತುಂಬಬೇಡಿ. ಸಂಬಳಕ್ಕಾಗಿಯೇ ಹೋದವನಾದರೂ ಏನು ಪಾಪ ಮಾಡಿದ? ಮಕ್ಕಳು ಉಪವಾಸ ಮಲಗಬಾರದು ಎಂದುಕೊಂಡನಲ್ಲವೆ?

ಟಾಮ್ ಕೆಟಲ್ ಅವರ ಕಥೆ ನನ್ನನ್ನು ವರ್ಷಗಳಿಂದ ಕಾಡಿದೆ. ಡಬ್ಲಿನ್ ವಿಶ್ವವಿದ್ಯಾಲಯ ಕಾಲೇಜಿನ ಪ್ರಾಧ್ಯಾಪಕ, ಕವಿ, ಮಾಜಿ ಸಂಸದ, ಅಪ್ಪಟ ಐರಿಷ್ ರಾಷ್ಟ್ರೀಯವಾದಿ. 1914ರಲ್ಲಿ ಐರಿಷ್ ಸ್ವಯಂಸೇವಕರು ಎಂಬ ರಾಷ್ಟ್ರೀಯವಾದಿ ಪಡೆಗೆ ಬಂದೂಕು ಕೊಳ್ಳಲು ಯುರೋಪಿಗೆ ಹೋಗಿದ್ದವರು ಬೆಲ್ಜಿಯಂ ಹೊತ್ತಿ ಉರಿಯುವುದನ್ನು ಕಣ್ಣಾರೆ ಕಂಡು ಬ್ರಿಟಿಷ್ ಸೈನ್ಯ ಸೇರಿದರು. 1916ರಲ್ಲಿ ಡಬ್ಲಿನ್ನಿನಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸ್ಟರ್ ದಂಗೆಯ ವಾರದಲ್ಲಿ ಅವರ ಷಡ್ಡಕ, ಶಾಂತಿವಾದಿ ಶೀಹಿ ಸ್ಕೆಫಿಂಗ್ಟನ್ ಅವರನ್ನು ಒಬ್ಬ ಬ್ರಿಟಿಷ್ ಅಧಿಕಾರಿ ವಿಚಾರಣೆಯೇ ಇಲ್ಲದೆ ಗುಂಡಿಕ್ಕಿಸಿದ. ತಾನು ತೊಟ್ಟ ಸಮವಸ್ತ್ರವನ್ನೇ ತೊಟ್ಟವನು ತನ್ನ ಮನೆಯವನನ್ನೇ ಕೊಂದಿದ್ದ! ದಂಗೆಯ ನಾಯಕರು ನಾಳೆ ವೀರರಾಗುತ್ತಾರೆ, ನನ್ನನ್ನು ಬ್ರಿಟಿಷ್ ಅಧಿಕಾರಿ ಎಂದಷ್ಟೇ ನೆನೆಯುತ್ತಾರೆ ಎಂದು ಕೆಟಲ್ ಆಗಲೇ ಹೇಳಿದ್ದರು. ಅದೇ ವರ್ಷ ಸೆಪ್ಟೆಂಬರ್ 9ರಂದು ಫ್ರಾನ್ಸಿನ ಗ್ಯಾಂಶಿ ಎಂಬ ಹಳ್ಳಿಯ ಬಳಿ ಕಾಳಗದಲ್ಲಿ ಸತ್ತರು. ಇಂದು ಅವರ ಪುತ್ಥಳಿ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದಲ್ಲಿದೆ. ಅದರ ಮೇಲೆ ಯಾವ ಅಕ್ಷರ ಕೆತ್ತಬೇಕು ಎಂಬ ತಕರಾರಿನಲ್ಲೇ ಅದು ವರ್ಷಗಟ್ಟಲೆ ಕಾಯಬೇಕಾಯಿತು.

ಅದೇ ಈಸ್ಟರ್ ವಾರದಲ್ಲಿ ಫ್ರಾನ್ಸಿನ ಹುಲ್ಲುಕ್ ಬಳಿ ಜರ್ಮನರು ಬಿಟ್ಟ ವಿಷಾನಿಲ ಮತ್ತು ಅದರ ಹಿಂದೆ ಬಂದ ದಾಳಿಯಲ್ಲಿ 16ನೇ ಐರಿಷ್ ಡಿವಿಷನ್ನಿನ 500ಕ್ಕೂ ಹೆಚ್ಚು ಮಂದಿ ಸತ್ತರು. "ಇಂಗ್ಲಿಷರ ಬಂದೂಕುಗಳು ನಿಮ್ಮ ಹೆಂಡತಿ ಮಕ್ಕಳ ಮೇಲೆ ಗುಂಡು ಹಾರಿಸುತ್ತಿವೆ" ಎಂದು ಜರ್ಮನರು ಕಂದಕದ ಮೇಲೆ ಫಲಕ ಎತ್ತಿ ಅವರನ್ನು ಹಂಗಿಸಿದರು. ಅತ್ತ ಡಬ್ಲಿನ್ನಿನಲ್ಲಿ ಮಡಿದವರ ಹೆಸರು ಐರಿಷ್ ಮಕ್ಕಳಿಗೆ ಬಾಯಿಪಾಠವಾಯಿತು. ಇತ್ತ ಹುಲ್ಲುಕ್‌ನಲ್ಲಿ ಉಸಿರುಕಟ್ಟಿ ಸತ್ತವರನ್ನು ಎರಡು ತಲೆಮಾರು ಯಾರೂ ಕೇಳಲಿಲ್ಲ.

ಇನ್ನು ನೀವು ಯಾರನ್ನು ದೇಶಭಕ್ತರೆಂದು ಎಣಿಸುತ್ತೀರೋ ಅವರನ್ನೇ ನೋಡಿ. ಕೆಟಲ್ ಜೊತೆ ಗ್ಯಾಂಶಿಯಲ್ಲಿ ಹೋರಾಡಿ ಬ್ರಿಟಿಷ್ ಪದಕ ಪಡೆದ ಎಮೆಟ್ ಡಾಲ್ಟನ್ ಮುಂದೆ ಐರಿಷ್ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದರು. 1922ರಲ್ಲಿ ಆ ಸಮರದ ನಾಯಕ ಮೈಕೆಲ್ ಕಾಲಿನ್ಸ್ ಗುಂಡೇಟಿಗೆ ಬಿದ್ದಾಗ ಅವರ ಪಕ್ಕದಲ್ಲಿದ್ದವರು ಇವರೇ. ಕಾರ್ಕ್ ಜಿಲ್ಲೆಯ ಗೆರಿಲ್ಲಾ ನಾಯಕ ಟಾಮ್ ಬ್ಯಾರಿ ಈಸ್ಟರ್ ದಂಗೆಯ ಸುದ್ದಿ ಕೇಳಿದ್ದು ಮೆಸಪಟೇಮಿಯಾದಲ್ಲಿ, ಬ್ರಿಟಿಷ್ ಸೈನಿಕನಾಗಿದ್ದಾಗ. 1920ರಲ್ಲಿ ನಮ್ಮ ಜಲಂಧರ್ ಮತ್ತು ಸೋಲನ್ ದಂಡುಗಳಲ್ಲಿ ಕನಾಟ್ ರೇಂಜರ್ಸ್ ಪಡೆಯವರು ತಮ್ಮ ನಾಡಿನಲ್ಲಿ ನಡೆಯುತ್ತಿದ್ದ ದೌರ್ಜನ್ಯ ಕೇಳಿ ಬಂದೂಕು ಕೆಳಗಿಟ್ಟು ಐರಿಷ್ ತ್ರಿವರ್ಣ ಹಾರಿಸಿದರು. ಅವರಲ್ಲಿ ಜೇಮ್ಸ್ ಡೇಲಿಯನ್ನು ಆ ವರ್ಷ ನವೆಂಬರ್ 2ರಂದು ದಗಶಾಯಿಯಲ್ಲಿ ಗುಂಡಿಟ್ಟು ಕೊಂದರು. 1970ರಲ್ಲಿ ಅವನ ಅಸ್ಥಿಯನ್ನು ಐರ್ಲೆಂಡ್ ಗೌರವದಿಂದ ಕರೆಸಿಕೊಂಡಿತು. ಬಂಡಾಯಕ್ಕೆ ಮೊದಲಿನ ದಿನದವರೆಗೂ ಡೇಲಿ ನೀವು ಹೇಳುವ "ಪರದೊರೆಯ ಸಂಬಳದವ". ಆ ಹಿಂದಿನ ದಿನವೇ ಅವನು ಕಾಯಿಲೆಯಿಂದ ಸತ್ತಿದ್ದರೆ ಅವನಿಗಾಗಿ ಅಳುವುದು ತಪ್ಪಾಗುತ್ತಿತ್ತೆ?

ಹೂವಿನ ಜಗಳವೂ ಹಳೆಯದೇ. 1924ರ ನವೆಂಬರ್ 11ರಂದು ಡಬ್ಲಿನ್ನಿನ ಕಾಲೇಜ್ ಗ್ರೀನ್‌ನಲ್ಲಿ ಯುದ್ಧದಲ್ಲಿ ಸತ್ತವರಿಗಾಗಿ ಸುಮಾರು 50 ಸಾವಿರ ಜನ ನಿಂತಿದ್ದರು. ಅದು ಸ್ವತಂತ್ರ ಐರ್ಲೆಂಡಿನ ರಾಜಧಾನಿಯ ನಡುಮಧ್ಯದಲ್ಲಿ ಎಂಬುದನ್ನು ಗಮನಿಸಿ. ಅದೇ ವರ್ಷಗಳಲ್ಲಿ ಯುವಕರು ಬೀದಿಯಲ್ಲಿ ಹೂ ಕಿತ್ತುಕೊಳ್ಳುತ್ತಿದ್ದರು. ಕಿತ್ತುಕೊಳ್ಳುವವರ ಬೆರಳು ಕೊಯ್ಯಲೆಂದು ಕೆಲವು ಮಾಜಿ ಸೈನಿಕರು ಹೂವಿನ ಹಿಂದೆ ಕ್ಷೌರದ ಬ್ಲೇಡು ಇಟ್ಟುಕೊಳ್ಳುತ್ತಿದ್ದರಂತೆ. ಓದಿದಾಗ ನನ್ನ ಮೈ ನಡುಗಿತು. 1926ರಲ್ಲಿ ರಿಪಬ್ಲಿಕನ್ನರ, ಅಂದರೆ ಬ್ರಿಟನ್ನಿನ ನಂಟೇ ಬೇಡ ಎಂಬ ಬಣದ, ಮಹಿಳಾ ಸಂಘಟನೆ ಕುಮನ್ ನ ಮಾನ್ ದಂಗೆಯಲ್ಲಿ ಸತ್ತವರಿಗಾಗಿ ಈಸ್ಟರ್ ಲಿಲ್ಲಿಯ ಬಿಲ್ಲೆ ತಂದಿತು. 1970ರ ಸುಮಾರಿಗೆ ರಿಪಬ್ಲಿಕನ್ ಬಣವೂ ಒಡೆದಾಗ ಲಿಲ್ಲಿಯನ್ನು ಅಂಟಿಸಿಕೊಳ್ಳುವವರು ಒಂದು ಗುಂಪು, ಪಿನ್ನಿನಿಂದ ಚುಚ್ಚಿಕೊಳ್ಳುವವರು ಇನ್ನೊಂದು ಗುಂಪು ಎಂದಾಯಿತು. ಬಿಲ್ಲೆ ದೊಡ್ಡದಾಗುತ್ತ ಹೋದಂತೆ ಸತ್ತವನು ಚಿಕ್ಕವನಾಗುತ್ತ ಹೋದ.

ಮನೆಗಳ ಒಳಗೆ ನಡೆದದ್ದು ಇದಕ್ಕಿಂತ ದುಃಖದ್ದು. ಪದಕಗಳು ಟ್ರಂಕಿನ ತಳ ಸೇರಿದವು. ಸಮವಸ್ತ್ರದ ಫೋಟೊಗಳು ಗೋಡೆಯಿಂದ ಇಳಿದವು. ಎರಡನೇ ಮಹಾಯುದ್ಧದಲ್ಲಿ ತಟಸ್ಥ ಐರ್ಲೆಂಡಿನ ಸೈನ್ಯದಿಂದ ತಪ್ಪಿಸಿಕೊಂಡು ಹಿಟ್ಲರ್ ವಿರುದ್ಧ ಹೋರಾಡಲು ಬ್ರಿಟಿಷ್ ಪಡೆ ಸೇರಿದ ಸುಮಾರು 5,000 ಮಂದಿಯನ್ನು ಸರ್ಕಾರ 1945ರಲ್ಲಿ ವಜಾ ಮಾಡಿ, ಏಳು ವರ್ಷ ಯಾವ ಸರ್ಕಾರಿ ಕೆಲಸವೂ ಸಿಗದಂತೆ ಮಾಡಿತು. 2013ರಲ್ಲಿ ಶಾಸನ ಮಾಡಿ ಕ್ಷಮಿಸುವಾಗ ಬದುಕಿದ್ದವರು ಕೆಲವೇ ಮಂದಿ. 1987ರ ನವೆಂಬರ್ 8ರಂದು ಉತ್ತರ ಐರ್ಲೆಂಡಿನ ಎನಿಸ್ಕಿಲ್ಲನ್ ಪಟ್ಟಣದ ಯುದ್ಧಸ್ಮಾರಕದ ಬಳಿ ಸ್ಮರಣೆಗೆ ನೆರೆದವರ ನಡುವೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಗುಂಪು ಐಆರ್‌ಎ ಬಾಂಬು ಸಿಡಿದು 11 ಜನ ಸತ್ತರು. ಅವರು ಮಾಡುತ್ತಿದ್ದದ್ದು ಸತ್ತವರನ್ನು ನೆನೆಯುವ ಕೆಲಸ, ಅಷ್ಟೇ. ಮಗಳನ್ನು ಕಳೆದುಕೊಂಡ ಗಾರ್ಡನ್ ವಿಲ್ಸನ್ ಆ ರಾತ್ರಿಯೇ ತನಗೆ ಯಾರ ಮೇಲೂ ದ್ವೇಷವಿಲ್ಲ ಎಂದರು. ಮುಂದೆ ಐರಿಷ್ ಸರ್ಕಾರ ಅವರನ್ನು ಸೆನೆಟ್‌ಗೆ ಕರೆಯಿತು. ಐರಿಷರಿಂದ ಕಲಿಯಿರಿ ಎಂದಿರಲ್ಲ, ನಾನು ಕಲಿಯಬಯಸುವುದು ಈ ಐರಿಷರಿಂದ.

1998ರಲ್ಲಿ ಮೆಸೀನ್‌ನ ಶಾಂತಿ ಉದ್ಯಾನದಲ್ಲಿ ಐರಿಷ್ ಅಧ್ಯಕ್ಷೆ ಮೇರಿ ಮಕಲೀಸ್ ಬ್ರಿಟಿಷ್ ರಾಣಿಯ ಜೊತೆ ನಿಂತರು. 2012ರಲ್ಲಿ ಪ್ರಧಾನಿ ಎಂಡಾ ಕೆನಿ ಎನಿಸ್ಕಿಲ್ಲನ್‌ಗೇ ಹೋಗಿ ಹೂಚಕ್ರ ಇಟ್ಟರು. 2017ರಲ್ಲಿ ಮುಂಬಯಿ ಮೂಲದ ತಂದೆಯ ಮಗ, ಪ್ರಧಾನಿ ಲಿಯೊ ವರಾಡ್ಕರ್ ಐರ್ಲೆಂಡಿನ ಗುರುತಾದ ಶ್ಯಾಮ್‌ರಾಕ್ ಎಲೆಯ ನಡುವೆ ಗಸಗಸೆ ಹೂ ಇರುವ ಬಿಲ್ಲೆಯನ್ನು ಸಂಸತ್ತಿಗೇ ಧರಿಸಿಕೊಂಡು ಹೋದರು. 2024ರ ನವೆಂಬರಿನಲ್ಲಿ ಒಂದು ಕಾಲಕ್ಕೆ ಐಆರ್‌ಎಯ ರಾಜಕೀಯ ಮುಖ ಎನಿಸಿದ್ದ ಷಿನ್ ಫೇನ್ ಪಕ್ಷದ ಮಿಶೆಲ್ ಓನೀಲ್, ಉತ್ತರ ಐರ್ಲೆಂಡಿನ ಪ್ರಥಮ ಮಂತ್ರಿಯಾಗಿ, ಬೆಲ್‌ಫಾಸ್ಟ್ ಸ್ಮಾರಕದಲ್ಲಿ ಹೂಚಕ್ರ ಇಟ್ಟರು. ಕೆಂಪು ಹೂ ಮುಡಿಯಲಿಲ್ಲ. ಹೂ ಮುಡಿಯದೆಯೂ ತಲೆ ಬಾಗಿಸಬಹುದು ಎಂದು ತೋರಿಸಿಕೊಟ್ಟ ಆಕೆಗೆ ಎರಡೂ ಕಡೆಯಿಂದ ಬೈಗುಳ ಬಂತು, ಆಕೆ ಜಗ್ಗಲಿಲ್ಲ.

ಈಗ ನಮ್ಮ ಊರಿನ ಮಾತು. ಮೊದಲ ಮಹಾಯುದ್ಧದಲ್ಲಿ ಭಾರತದ 70 ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ನಗರವನ್ನು ಗೆದ್ದರು. ಮೈಸೂರಿನಲ್ಲಿ ಆ ಪಡೆಯ ಸವಾರನೊಬ್ಬನ ಮೊಮ್ಮಗ ನನಗೆ ಪದಕವೊಂದನ್ನು ತೋರಿಸಿದ್ದರು. "ನಮ್ಮಪ್ಪ ಚಳವಳಿಗಾರ, ಇದನ್ನು ಹೊರಗೆ ತೆಗೆಯೋಕೇ ಬಿಡ್ತಿರಲಿಲ್ಲ, ಅಜ್ಜಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳು" ಎಂದರು. ಆ ಅಜ್ಜಿಯನ್ನು ಸಾಮ್ರಾಜ್ಯದ ಗುಲಾಮಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಹಳ್ಳಿಗಳ ಕೆರೆ ಏರಿಯ ಮೇಲೆ ವೀರಗಲ್ಲು ಇರುತ್ತದೆ. ಅವನು ಗಂಗರ ಪರ ಸತ್ತನೋ ನೊಳಂಬರ ಪರ ಸತ್ತನೋ ಎಂದು ಕೇಳಿ ಯಾರೂ ಅದಕ್ಕೆ ಎಣ್ಣೆ ಹಚ್ಚುವುದಿಲ್ಲ.

ಇಂದು ಎಲ್ಲೆಲ್ಲೂ ಸತ್ತವರ ಜಾತಿ, ಪಕ್ಷ, ಬಣ ವಿಚಾರಿಸಿದ ಮೇಲೆಯೇ ಕಣ್ಣೀರು ಹಾಕುವ ಅಭ್ಯಾಸ ಬೆಳೆದಿದೆ. ಯಾರಾದರೂ ತೀರಿಕೊಂಡ ಗಂಟೆಯೊಳಗೆ ಫೋನಿನಲ್ಲಿ ಅವರ ಹಳೆಯ ಮಾತು ಹುಡುಕಿ, ಇವನಿಗೆ ಶ್ರದ್ಧಾಂಜಲಿ ಸಲ್ಲುತ್ತದೋ ಇಲ್ಲವೋ ಎಂದು ತೀರ್ಪು ಕೊಡುತ್ತಾರೆ. ದೆಹಲಿಯ ಇಂಡಿಯಾ ಗೇಟ್ ಬಳಿ 2022ರಲ್ಲಿ ನೇತಾಜಿ ಪ್ರತಿಮೆ ಬಂದಾಗ ನನಗೆ ಸಂತೋಷವಾಯಿತು. ಅಲ್ಲಿನ ಕಲ್ಲಿನ ಮೇಲಿರುವ ಸಾವಿರಾರು ಹೆಸರುಗಳು ಗುಲಾಮಗಿರಿಯ ಗುರುತು ಎಂದು ಕೆಲವರು ಹೀಗಳೆದಾಗ ನೋವಾಯಿತು. ನೇತಾಜಿಯ ಸೈನ್ಯದ ಎಷ್ಟೋ ಮಂದಿ ಅದೇ ಬ್ರಿಟಿಷ್ ಭಾರತೀಯ ಸೈನ್ಯದಿಂದ ಬಂದವರಲ್ಲವೆ? ಶಾಲೆಯ ಪಠ್ಯದಲ್ಲಿ ಈ ಸೈನಿಕರಿಗೆ ಒಂದು ಸಾಲು ಸಿಗುವುದೂ ಕಷ್ಟ. ಸ್ಮಾರಕದ ಸುತ್ತ ಕಸ, ಮೇಲೆ ಪೋಸ್ಟರು. ನಾನು ಇಷ್ಟು ಬಿಸಿಯಾಗಿ ಬರೆಯುತ್ತಿರುವುದು ಅದನ್ನು ಕಂಡ ಸಂಕಟದಿಂದ.

ಇಂಡಿಯಾ ಗೇಟನ್ನು ರೂಪಿಸಿದ ವಾಸ್ತುಶಿಲ್ಪಿ ಲಟ್ಯೆನ್ಸ್ ಅವರೇ ನಿಮ್ಮ ಡಬ್ಲಿನ್ನಿನಲ್ಲಿ ಲಿಫಿ ನದಿಯ ದಂಡೆಯ ಐಲೆಂಡ್‌ಬ್ರಿಜ್ ಯುದ್ಧಸ್ಮಾರಕ ಉದ್ಯಾನವನ್ನೂ ರೂಪಿಸಿದ್ದಾರೆ. 1930ರ ದಶಕದಲ್ಲಿ ಅದನ್ನು ಕಟ್ಟಿದವರು ಬ್ರಿಟಿಷ್ ಸೈನ್ಯದ ಮಾಜಿಗಳು ಅರ್ಧ, ಐರಿಷ್ ಸೈನ್ಯದ ಮಾಜಿಗಳು ಅರ್ಧ. ಹೆಚ್ಚು ಕೈಗಳಿಗೆ ಕೂಲಿ ಸಿಗಲಿ ಎಂದು ಯಂತ್ರ ಬಿಟ್ಟು ಹಗ್ಗ, ರಾಟೆಗಳಲ್ಲೇ ಕಲ್ಲು ಎತ್ತಿದರು. ಆಮೇಲೆ ಅದು ಹಾಳುಬಿದ್ದು ಕಸ ಸುರಿಯುವ ಜಾಗವಾಗಿ, 1988ರಲ್ಲಿ ಮತ್ತೆ ತೆರೆಯಿತು. ಮಡಿದ 49 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರಿರುವ ಸಂಪುಟಗಳು ಅಲ್ಲಿವೆ. ಐರಿಷ್ ಪಡೆಗಳಲ್ಲಿದ್ದ ಹೊರಗಿನವರ ಹೆಸರೂ ಅದರಲ್ಲಿ ಸೇರಿವೆ. ಅಂತರ್ಜಾಲದಲ್ಲೂ ಓದಬಹುದು. ಹ್ಯೂಸ್ಟನ್ ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ. ಅಜ್ಜನಿಗಾಗಿ ಹೂ ಮುಡಿದ ಆ ಸಹೋದ್ಯೋಗಿಯನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿ, ಅಜ್ಜನ ಕಥೆ ಕೇಳಿ. ಹೂವನ್ನು ನೀವು ಮುಡಿಯಬೇಕಾಗಿಲ್ಲ.

ಲ್ಯಾನ್ಸರ್ಸ್ ಸ್ಮಾರಕದ ಲೇಖನವನ್ನು ನಾವು ಹಿಂತೆಗೆದುಕೊಳ್ಳುವುದಿಲ್ಲ. ಮುಂದಿನ ಸೆಪ್ಟೆಂಬರ್ ಸಂಚಿಕೆಯಲ್ಲಿ ಮೈಸೂರು ಸಂಸ್ಥಾನದ ಸೈನಿಕರ ಕುಟುಂಬಗಳ ನೆನಪುಗಳನ್ನು ಪ್ರಕಟಿಸುತ್ತೇವೆ. ಓದುಗರ ಮನೆಗಳಲ್ಲಿ ಪತ್ರ, ಫೋಟೊ, ಪದಕಗಳಿದ್ದರೆ ಜುಲೈ ಕೊನೆಯೊಳಗೆ ನಕಲು ಕಳಿಸಿ. ಮೂಲ ಪ್ರತಿ ನಿಮ್ಮಲ್ಲೇ ಇರಲಿ.

– ಸಂಪಾದಕ