ಮುಖ ಗೊತ್ತು, ಹೆಸರು ಗೊತ್ತಿಲ್ಲ: ಹಾಲಿವುಡ್‌ನ ಸಣ್ಣ ಪಾತ್ರಗಳ ನಟರ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹಳೆಯ ಹಾಲಿವುಡ್ ಚಿತ್ರಗಳನ್ನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ನಾಯಕ, ನಾಯಕಿಯರು ಬದಲಾಗುತ್ತಿರುತ್ತಾರೆ. ಆದರೆ ಹೋಟೆಲಿನ ಗುಮಾಸ್ತ, ಟ್ಯಾಕ್ಸಿ ಚಾಲಕ, ನೆರೆಮನೆಯ ಹೆಂಗಸು, ಖಳನಾಯಕನ ಬೆನ್ನ ಹಿಂದೆ ನಿಲ್ಲುವ ರೌಡಿ, ಇಂಥ ಪಾತ್ರಗಳಲ್ಲಿ ಅವೇ ಮುಖಗಳು ಮತ್ತೆ ಮತ್ತೆ ಕಾಣಿಸುತ್ತವೆ. ಇವರೆಲ್ಲ ನಾಯಕರಾಗಲು ಬಂದು ಆಗದೆ ಉಳಿದವರೇ, ಅಥವಾ ಇದೇ ಒಂದು ಬೇರೆ ವೃತ್ತಿಯೇ?

ಉತ್ತರ: ಬೇರೆಯೇ ವೃತ್ತಿ. ನಾಯಕನಾಗಬೇಕೆಂದು ಬಂದು ಇಲ್ಲಿ ನಿಂತವರೂ ಇದ್ದಾರೆ ನಿಜ. ಆದರೆ ಈ ಕೆಲಸದಲ್ಲಿ ನಲವತ್ತು, ಐವತ್ತು ವರ್ಷ ಬಾಳಿದವರಲ್ಲಿ ಹೆಚ್ಚಿನವರಿಗೆ ನಾಯಕನಟರಿಗೆ ಬೇಕಿಲ್ಲದ ಒಂದು ಶಕ್ತಿ ಇತ್ತು: ಅವರು ಚೌಕಟ್ಟಿನೊಳಗೆ ಕಾಲಿಟ್ಟ ಕ್ಷಣದಲ್ಲೇ, ಇನ್ನೂ ಬಾಯಿ ತೆರೆಯುವ ಮೊದಲೇ, ಈ ಮನುಷ್ಯ ಯಾರು, ಎಂಥವನು ಎಂಬುದು ಪ್ರೇಕ್ಷಕನಿಗೆ ತಿಳಿದುಹೋಗುತ್ತಿತ್ತು. ನಾಯಕನ ಸ್ವಭಾವವನ್ನು ಬಿಚ್ಚಿಡಲು ಚಿತ್ರಕ್ಕೆ ಎರಡು ಗಂಟೆ ಸಿಗುತ್ತದೆ. ಗುಮಾಸ್ತನಿಗೆ ಅಷ್ಟು ವ್ಯವಧಾನ ಎಲ್ಲಿದೆ? ಅವನು ಅಂಜುಬುರುಕ ಎಂದು ಹೇಳಲು ಒಂದು ದೃಶ್ಯ ಖರ್ಚು ಮಾಡುವಂತಿಲ್ಲ, ಅವನ ಹೆಗಲೇ ಅದನ್ನು ಹೇಳಬೇಕು.

ಅವೇ ಮುಖಗಳು ಮರಳಿ ಬರುವುದಕ್ಕೆ ಉದ್ಯಮದ ರಚನೆಯೂ ಕಾರಣ. 1930 ಮತ್ತು 40ರ ದಶಕಗಳಲ್ಲಿ ದೊಡ್ಡ ಸ್ಟುಡಿಯೋಗಳು ತಾರೆಯರನ್ನು ಮಾತ್ರವಲ್ಲದೆ ಪೋಷಕ ನಟರನ್ನೂ ವಾರದ ಸಂಬಳಕ್ಕೆ ಕರಾರಿನಲ್ಲಿ ಇಟ್ಟುಕೊಳ್ಳುತ್ತಿದ್ದವು. ಹೆಚ್ಚುಕಡಿಮೆ ವಾರಕ್ಕೊಂದು ಚಿತ್ರ ಬಿಡುಗಡೆ ಮಾಡುತ್ತಿದ್ದ ಸಂಸ್ಥೆಯಲ್ಲಿ ಒಬ್ಬ ನಟ ಬೆಳಿಗ್ಗೆ ಒಂದು ಸೆಟ್ಟಿನಲ್ಲಿ ಪೊಲೀಸನಾಗಿ, ಆ ವಾರದ ಕೊನೆಗೆ ಇನ್ನೊಂದರಲ್ಲಿ ಪಾದ್ರಿಯಾಗಿ ನಿಲ್ಲುವುದು ಸಾಮಾನ್ಯವಾಗಿತ್ತು. ಹಿಂದಿನ ಚಿತ್ರದಲ್ಲಿ ಆ ಮುಖ ನೋಡಿದ ನೆನಪು ಪ್ರೇಕ್ಷಕನಲ್ಲಿ ಉಳಿದಿರುತ್ತಿತ್ತು. ಹೊಸ ಚಿತ್ರ ಆ ನೆನಪನ್ನೇ ಬಂಡವಾಳ ಮಾಡಿಕೊಳ್ಳುತ್ತಿತ್ತು.

ನೀವು ಹೇಳಿದ ಎರಡನೇ ಸಾಲಿನ ರೌಡಿಯ ಪಾತ್ರಕ್ಕೆ ಹೆಸರಾದವರು ಎಲಿಷಾ ಕುಕ್ ಜೂನಿಯರ್. ಗಿಡ್ಡ ಆಳು, ಅಗಲವಾದ ಕಣ್ಣು, ಧೈರ್ಯವನ್ನು ನಟಿಸುತ್ತಿದ್ದಾನೆಂದು ನೋಡಿದ ಕೂಡಲೇ ಗೊತ್ತಾಗುವ ಮುಖ. ಚಿತ್ರೀಕರಣವಿಲ್ಲದಾಗ ಅವರು ಕ್ಯಾಲಿಫೋರ್ನಿಯಾದ ಸಿಯೆರಾ ಪರ್ವತಗಳಲ್ಲಿ ಮೀನು ಹಿಡಿಯುತ್ತ ಒಂಟಿಯಾಗಿರುತ್ತಿದ್ದರೆಂದೂ, ಪಾತ್ರವಿದ್ದಾಗ ಸ್ಟುಡಿಯೋದವರು ಅಲ್ಲಿಗೆ ಆಳು ಕಳಿಸಿ ಕರೆಸಿಕೊಳ್ಳುತ್ತಿದ್ದರೆಂದೂ ನಿರ್ದೇಶಕ ಜಾನ್ ಹ್ಯೂಸ್ಟನ್ ನೆನಪಿಸಿಕೊಂಡಿದ್ದಾರೆ.

1953ರ ‘ಶೇನ್’ ಚಿತ್ರದಲ್ಲಿ ಕುಕ್ ಅವರದು ಟಾರಿ ಎಂಬ ಬಡ ರೈತನ ಪಾತ್ರ. ಬಾಡಿಗೆ ಕೊಲೆಗಾರನೊಬ್ಬ ಹೆಂಡದಂಗಡಿಯ ಮುಂದಿನ ಒಣ ಹಲಗೆಯ ಜಗಲಿಯ ಮೇಲೆ ನಿಧಾನವಾಗಿ ಹೆಜ್ಜೆ ಹಾಕುತ್ತಾನೆ. ಕೆಳಗೆ ಬೀದಿಯ ಕೆಸರಿನಲ್ಲಿ ಟಾರಿ ಜಾರುತ್ತ, ಸಾವರಿಸಿಕೊಳ್ಳುತ್ತ, ಅವನಿಗೆ ಸಮನಾಗಿ ನಡೆಯಲು ಹೆಣಗುತ್ತಾನೆ. ಆ ನಡಿಗೆಯಲ್ಲೇ ಇವನು ಬದುಕುವುದಿಲ್ಲ ಎಂದು ನಮಗೆ ಗೊತ್ತಾಗಿಬಿಡುತ್ತದೆ. ಟಾರಿ ಪಿಸ್ತೂಲಿಗೆ ಕೈ ಹಾಕುವಷ್ಟರಲ್ಲಿ ಎದುರಿನವನ ಪಿಸ್ತೂಲು ಆಗಲೇ ಹೊರಗಿದೆ. ಒಂದು ಕ್ಷಣ ಏನೂ ಆಗುವುದಿಲ್ಲ. ಆ ಒಂದು ಕ್ಷಣದಲ್ಲಿ ಕುಕ್ ಮುಖದಲ್ಲಿ ಹಟವೂ ಇದೆ, ತಪ್ಪು ಮಾಡಿದೆನೆಂಬ ಅರಿವೂ ಇದೆ, ಹಿಂದೆ ಸರಿಯಲು ದಾರಿಯಿಲ್ಲವೆಂಬುದೂ ಇದೆ. ನಂತರ ಗುಂಡು ಹಾರುತ್ತದೆ. ಗುಂಡಿನ ಹೊಡೆತ ಕಾಣಲೆಂದು ತಂತಿ ಕಟ್ಟಿ ಅವರನ್ನು ಹಿಂದಕ್ಕೆ ಎಳೆದಿದ್ದರು. ದೇಹ ಕೆಸರಿಗೆ ಅಪ್ಪಳಿಸುವ ರೀತಿಯನ್ನು ಒಮ್ಮೆ ಕಂಡವರು ಮರೆಯಲಾರರು. ಇಡೀ ಚಿತ್ರದಲ್ಲಿ ಹಿಂಸೆಗೆ ತೂಕ ಬಂದದ್ದು ಅಲ್ಲಿಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟಾರಿ ಹಾಗೆ ಸಾಯದಿದ್ದರೆ ಕೊನೆಯಲ್ಲಿ ನಾಯಕ ಪಿಸ್ತೂಲು ಹಿಡಿದಾಗ ನಮಗೆ ಭಯವೇ ಆಗುತ್ತಿರಲಿಲ್ಲ.

ಇನ್ನು ನೆರೆಮನೆಯ ಹೆಂಗಸು. ಥೆಲ್ಮಾ ರಿಟ್ಟರ್ 1947ರಲ್ಲಿ ಮೊದಲ ಬಾರಿಗೆ ತೆರೆಗೆ ಬಂದಾಗ ಅವರಿಗೆ ನಲವತ್ತೈದು ವರ್ಷ. ರಂಗಭೂಮಿ, ರೇಡಿಯೋ, ಮಕ್ಕಳ ಪಾಲನೆ ಎಲ್ಲ ಕಂಡಾಗಿತ್ತು. ಮಗನಿಗೆ ಬೇಕಾದ ಆಟಿಕೆ ಎಲ್ಲೂ ಸಿಗದೆ ಬೇಸತ್ತ ತಾಯಿಯ ಪುಟ್ಟ ಪಾತ್ರ ಅದು, ಚಿತ್ರದ ಹೆಸರುಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ. ಅಲ್ಲಿಂದ ಮುಂದೆ ಪೋಷಕ ನಟಿಯರ ವಿಭಾಗದಲ್ಲಿ ಅವರು ಆರು ಸಲ ಆಸ್ಕರ್‌ಗೆ ನಾಮನಿರ್ದೇಶನಗೊಂಡರು, ಒಮ್ಮೆಯೂ ಗೆಲ್ಲಲಿಲ್ಲ. ನಲವತ್ತೈದರ ಹೆಣ್ಣಿಗೆ ನಾಯಕಿಯ ಬಾಗಿಲು ಮುಚ್ಚಿಯೇ ಇದ್ದ ಕಾಲದಲ್ಲಿ ಹೀಗೊಂದು ವೃತ್ತಿಜೀವನ ಆರಂಭವಾಗುವುದು ಸಾಧ್ಯವಾದದ್ದು ಸಣ್ಣ ಪಾತ್ರಗಳಲ್ಲಿ ಮಾತ್ರ.

ಪ್ರಶ್ನೆ: ಎರಡು ನಿಮಿಷದ ಪಾತ್ರದಲ್ಲಿ ಅಭಿನಯಿಸುವುದು ಅಷ್ಟೇನೂ ಕಷ್ಟವಲ್ಲ ಎಂದು ನಮ್ಮ ಸ್ನೇಹಿತರ ಬಳಗದಲ್ಲಿ ವಾದ ಬಂತು. ನಿಮ್ಮ ಅಭಿಪ್ರಾಯ?

ಉತ್ತರ: ನಿಮ್ಮ ಸ್ನೇಹಿತರು ಒಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾಯಕನಟ ವಾರಗಟ್ಟಲೆ ಅದೇ ಸೆಟ್ಟಿನಲ್ಲಿರುತ್ತಾನೆ. ಮೊದಲ ದಿನ ಬಿಗಿಯಾಗಿದ್ದರೂ ಹತ್ತನೆಯ ದಿನದ ಹೊತ್ತಿಗೆ ನಿರ್ದೇಶಕರ ಮನಸ್ಸು, ಛಾಯಾಗ್ರಾಹಕರ ರೀತಿ, ಸಹನಟರ ಲಯ ಎಲ್ಲ ಅವನಿಗೆ ಒಗ್ಗಿರುತ್ತದೆ. ಒಂದು ದಿನದ ಕೆಲಸಕ್ಕೆ ಬಂದ ನಟ ಪರಸ್ಪರ ಪಳಗಿದ ತಂಡವೊಂದರ ನಡುವೆ ಬೆಳಿಗ್ಗೆ ಬಂದು ನಿಲ್ಲುತ್ತಾನೆ, ಸಂಜೆಗೆ ಹೊರಟುಹೋಗುತ್ತಾನೆ. ಅಷ್ಟರೊಳಗೆ ಆ ಊರಿನಲ್ಲಿ ಇಪ್ಪತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವವನಂತೆ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿರಬೇಕು. ಮೊದಲ ಟೇಕಿನಲ್ಲಿ ಲೋಟವನ್ನು ಯಾವ ಮಾತಿಗೆ ಎತ್ತಿದ್ದನೋ ಎಲ್ಲ ಟೇಕುಗಳಲ್ಲೂ ಅದೇ ಮಾತಿಗೆ ಎತ್ತಬೇಕು, ಇಲ್ಲದಿದ್ದರೆ ಸಂಕಲನದಲ್ಲಿ ತುಂಡುಗಳು ಕೂಡುವುದಿಲ್ಲ. ಎಷ್ಟೋ ಸಲ ನಾಯಕನ ಕ್ಲೋಸಪ್ ಮೊದಲು ಮುಗಿಯುತ್ತದೆ. ಆಗ ಕ್ಯಾಮೆರಾದ ಹಿಂದೆ ನಿಂತು, ತನ್ನ ಮುಖ ಕಾಣುವುದಿಲ್ಲವೆಂದು ಗೊತ್ತಿದ್ದೂ, ನಾಯಕನಿಗೆ ಎದುರುಮಾತು ಕೊಡುತ್ತಲೇ ಇರಬೇಕು. ತನ್ನ ಸರದಿ ಬರುವಷ್ಟರಲ್ಲಿ ಬೆಳಕು ಕಡಿಮೆಯಾಗಿರುತ್ತದೆ, ಎಲ್ಲರಿಗೂ ಮುಗಿಸುವ ಅವಸರ ಬಂದಿರುತ್ತದೆ, ಸಿಗುವುದು ಒಂದೋ ಎರಡೋ ಟೇಕ್.

ಇದರ ಜೊತೆಗೆ ಒಂದು ಹದ ತಪ್ಪಬಾರದು. ಗಮನ ಸೆಳೆಯಬೇಕು, ಆದರೆ ದೃಶ್ಯವನ್ನು ಕಸಿದುಕೊಳ್ಳಬಾರದು. ಹಾಗೆ ಕಸಿದುಕೊಂಡವನನ್ನು ನಿರ್ದೇಶಕರು ಮತ್ತೆ ಕರೆಯುವುದಿಲ್ಲ.

1982ರ ‘ಬ್ಲೇಡ್ ರನ್ನರ್’ ಚಿತ್ರದಲ್ಲಿ ಕೃತಕ ಕಣ್ಣುಗಳನ್ನು ತಯಾರಿಸುವ ಮುದುಕನ ಪಾತ್ರ ಮಾಡಿದ ಜೇಮ್ಸ್ ಹಾಂಗ್ ಅವರನ್ನು ನೋಡಿ. ಅವರಿರುವುದು ಒಂದೇ ದೃಶ್ಯದಲ್ಲಿ. ನಿಜವಾದ ಶೀತಲಗೃಹದಲ್ಲಿ ಅದನ್ನು ಚಿತ್ರಿಸಿದರು. ಕೊಳವೆಗಳು ಅಂಟಿಕೊಂಡ ದಪ್ಪನೆಯ ತುಪ್ಪಳದ ಕೋಟು ತೊಟ್ಟು, ದ್ರವದಲ್ಲಿ ತೇಲುವ ಕಣ್ಣಿನ ಮೇಲೆ ಬಗ್ಗಿ, ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತ ಕೆಲಸದಲ್ಲಿ ಮುಳುಗಿರುವ ಮುದುಕ ಹಿಂದಿನಿಂದ ಬಂದವರನ್ನು ಗಮನಿಸುವುದೇ ಇಲ್ಲ. ಅವರು ಕೋಟನ್ನು ಹರಿದೆಳೆದಾಗ ಅವನ ನಡುಕದಲ್ಲಿ ಚಳಿ ಎಷ್ಟು, ಭಯ ಎಷ್ಟು ಎಂದು ಬಿಡಿಸಿ ಹೇಳಲಾಗದು. ತಾನು ಕಣ್ಣುಗಳನ್ನಷ್ಟೇ ಮಾಡುವವನು, ಉಳಿದದ್ದು ತನಗೆ ತಿಳಿಯದು ಎಂದು ಅವನು ಅಂಗಲಾಚುವಾಗ ಒಬ್ಬ ಕುಶಲಕರ್ಮಿಯ ಇಡೀ ಬದುಕು ನಮ್ಮೆದುರಿಗಿರುತ್ತದೆ. ಆ ಮುದುಕ ಪ್ರತಿದಿನ ಇದೇ ಕೊಠಡಿಗೆ ಬರುತ್ತಾನೆ, ಈ ಕೆಲಸವನ್ನು ಪ್ರೀತಿಸುತ್ತಾನೆ ಎಂಬುದನ್ನು ಯಾವ ಸಂಭಾಷಣೆಯೂ ಹೇಳುವುದಿಲ್ಲ, ಹಾಂಗ್ ಅವರ ಬೆರಳುಗಳು ಹೇಳುತ್ತವೆ.

ಪ್ರಶ್ನೆ: ಪೋಷಕ ನಟರಿಗೆ ಆಸ್ಕರ್ ಕೊಡಲು ಆರಂಭಿಸಿದ್ದು ಯಾವಾಗ? ಅತಿ ಕಡಿಮೆ ಹೊತ್ತು ತೆರೆಯ ಮೇಲಿದ್ದು ಗೆದ್ದವರು ಯಾರು?

ಉತ್ತರ: 1936ರ ಚಿತ್ರಗಳಿಂದ ಈ ವಿಭಾಗಗಳು ಆರಂಭವಾದವು. 1937ರಿಂದ 1943ರವರೆಗಿನ ಸಮಾರಂಭಗಳಲ್ಲಿ ಗೆದ್ದ ಪೋಷಕ ನಟರಿಗೆ ಪೂರ್ಣ ಪ್ರತಿಮೆಯ ಬದಲು ಫಲಕ ಮಾತ್ರ ಸಿಗುತ್ತಿತ್ತು. ಕಡಿಮೆ ಅವಧಿಯ ಗೆಲುವು ಬಿಯಾಟ್ರಿಸ್ ಸ್ಟ್ರೇಟ್ ಅವರದು. 1976ರ ‘ನೆಟ್‌ವರ್ಕ್’ ಚಿತ್ರದಲ್ಲಿ ಗಂಡನ ದ್ರೋಹಕ್ಕೆ ಗುರಿಯಾದ ಹೆಂಡತಿಯಾಗಿ ಅವರು ಕಾಣಿಸಿಕೊಳ್ಳುವುದು ಸುಮಾರು 5 ನಿಮಿಷ.

ಮೊದಲ ವರ್ಷದ ಪೋಷಕ ನಟ ಪ್ರಶಸ್ತಿ ಪಡೆದ ವಾಲ್ಟರ್ ಬ್ರೆನನ್ 1938 ಮತ್ತು 1940ರ ಚಿತ್ರಗಳಿಗೂ ಗೆದ್ದು ಐದು ವರ್ಷದೊಳಗೆ ಮೂರು ಆಸ್ಕರ್ ಪಡೆದರು. ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಕಲಾವಿದನಾಗಿಯೇ ಅವರು ಚಿತ್ರರಂಗಕ್ಕೆ ಬಂದದ್ದು. ಆ ಕಾಲದಲ್ಲಿ ಎಕ್ಸ್‌ಟ್ರಾ ಕಲಾವಿದರಿಗೂ ಮತ ಹಾಕುವ ಹಕ್ಕು ಇದ್ದುದರಿಂದ, ತಮ್ಮವನೊಬ್ಬನಿಗೆ ಅವರು ಮನಸಾರೆ ಮತ ಕೊಟ್ಟರೆಂಬ ಮಾತು ಚಾಲ್ತಿಯಲ್ಲಿದೆ. ಅದರಿಂದ ಪ್ರಶಸ್ತಿಯ ಬೆಲೆ ಕುಗ್ಗುತ್ತದೆಂದು ನನಗನ್ನಿಸುವುದಿಲ್ಲ. ಅವರ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದವರು ಅವರೇ ತಾನೆ.

ಪ್ರಶ್ನೆ: ಒಂದೇ ಬಗೆಯ ಪಾತ್ರ ಮಾಡಿ ಮಾಡಿ ನಟ ಅದರಲ್ಲೇ ಸಿಕ್ಕಿಹಾಕಿಕೊಳ್ಳುವುದಿಲ್ಲವೇ? ಇದು ಅನ್ಯಾಯವೆಂದು ನನಗೆ ಅನ್ನಿಸುತ್ತದೆ.

ಉತ್ತರ: ಎಲ್ಲರ ವಿಷಯದಲ್ಲೂ ಅನ್ಯಾಯವೆನ್ನಲಾರೆ. ಅಪಘಾತವೊಂದರಲ್ಲಿ ಹಲ್ಲು ಕಳೆದುಕೊಂಡಿದ್ದ ಬ್ರೆನನ್ ಕೃತಕ ದಂತಪಂಕ್ತಿ ತೆಗೆದು ನಲವತ್ತರ ಆಸುಪಾಸಿನಲ್ಲೇ ಮುದುಕರ ಪಾತ್ರ ಮಾಡತೊಡಗಿದರು, ಅದರಿಂದ ದಶಕಗಳ ಕಾಲ ಕೈತುಂಬ ಕೆಲಸ ಸಿಕ್ಕಿತು. ತನ್ನ ಅಚ್ಚನ್ನು ತಾನೇ ಆರಿಸಿಕೊಂಡವನಿಗೆ ಅದು ಆಸರೆಯಾಗುತ್ತದೆ. ಬಣ್ಣ, ಜನಾಂಗ ನೋಡಿ ಬೇರೆಯವರು ಅಚ್ಚು ಹಾಕಿದಾಗ ಮಾತು ಬೇರೆಯಾಗುತ್ತದೆ, ಅಲ್ಲಿ ನಿಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್. ‘ಗಾನ್ ವಿತ್ ದ ವಿಂಡ್’ ಚಿತ್ರದ ಮನೆಯಾಳಿನ ಪಾತ್ರಕ್ಕೆ ಅದು ಬಂತು. 1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಆ ಚಿತ್ರದ ಪ್ರಥಮ ಪ್ರದರ್ಶನ ನಡೆದಾಗ, ಅಲ್ಲಿ ಜಾರಿಯಲ್ಲಿದ್ದ ವರ್ಣಭೇದದ ಕಾನೂನಿನಿಂದಾಗಿ ಅವರು ಹೋಗುವಂತಿರಲಿಲ್ಲ. 1940ರ ಫೆಬ್ರವರಿ 29ರಂದು ಲಾಸ್ ಏಂಜಲೀಸ್‌ನ ಹೋಟೆಲಿನಲ್ಲಿ ಪ್ರಶಸ್ತಿ ಸ್ವೀಕರಿಸಿದ ರಾತ್ರಿಯೂ ಅವರನ್ನು ಸಹನಟರ ಜೊತೆ ಕೂರಿಸದೆ ಗೋಡೆಯ ಬದಿಯ ಪ್ರತ್ಯೇಕ ಮೇಜಿನಲ್ಲಿ ಕೂರಿಸಿದ್ದರು. ಇಷ್ಟಾದ ಮೇಲೂ ಅವರಿಗೆ ಬಂದ ಪಾತ್ರಗಳಲ್ಲಿ ಹೆಚ್ಚಿನವು ಮನೆಯಾಳಿನವೇ. ಅವುಗಳನ್ನು ಒಪ್ಪಿಕೊಂಡದ್ದಕ್ಕೆ ಹಕ್ಕುಗಳ ಹೋರಾಟಗಾರರಿಂದ ಟೀಕೆಯನ್ನೂ ಕೇಳಬೇಕಾಯಿತು. ಎರಡು ಕಡೆಯಿಂದಲೂ ಪೆಟ್ಟು ತಿಂದ ಆ ಕಲಾವಿದೆಯ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಚಿತ್ರದಲ್ಲಿ ಮನೆಯ ದುಃಖವನ್ನು ಹೇಳುತ್ತ ಮೆಟ್ಟಿಲೇರುವ ದೃಶ್ಯದಲ್ಲಿ ಅವರ ದನಿ ಒಡೆಯುವುದನ್ನು ಕೇಳಿದವರಿಗೆ, ಈಕೆ ಯಾವ ಪಾತ್ರವನ್ನಾದರೂ ಹೊರಬಲ್ಲವರಾಗಿದ್ದರು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. 1952ರಲ್ಲಿ ಅವರು ತೀರಿಕೊಂಡರು. ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಅವರು ಬಿಟ್ಟುಹೋದ ಪ್ರಶಸ್ತಿ ಫಲಕ ಕಾಣೆಯಾಯಿತು. 2023ರಲ್ಲಿ ಆಸ್ಕರ್ ಕೊಡುವ ಅಕಾಡೆಮಿ ಅದರ ಬದಲಿಗೆ ಹೊಸದೊಂದನ್ನು ಆ ವಿಶ್ವವಿದ್ಯಾಲಯಕ್ಕೆ ಕೊಟ್ಟಿತು.

ಮೇಲೆ ಹೇಳಿದ ಜೇಮ್ಸ್ ಹಾಂಗ್ ಅವರ ಅನುಭವವೂ ಇದೇ ಜಾತಿಯದು. ಚೀನೀ ಮೂಲದವರಾದ ಅವರು ಚಿತ್ರರಂಗಕ್ಕೆ ಬಂದ 1950ರ ದಶಕದಲ್ಲಿ ಏಷ್ಯಾದವರ ಮುಖ್ಯ ಪಾತ್ರಗಳಿಗೆ ಬಿಳಿಯ ನಟರನ್ನೇ ಹಾಕಿ ಬಣ್ಣ ಬಳಿಯುತ್ತಿದ್ದರು. ಹಾಂಗ್ ಅವರಿಗೆ ಸಿಗುತ್ತಿದ್ದದ್ದು ಪರಿಚಾರಕ, ಬಟ್ಲರ್, ಅಂಗಡಿಯವನಂಥ ಪಾತ್ರಗಳು. ದೂರುತ್ತ ಕೂರದೆ ಅವರು 1965ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಈಸ್ಟ್ ವೆಸ್ಟ್ ಪ್ಲೇಯರ್ಸ್’ ಎಂಬ ರಂಗತಂಡ ಕಟ್ಟಿದವರಲ್ಲೊಬ್ಬರಾದರು. ತೆರೆಯ ಮೇಲೆ ಸಿಗದ ಪಾತ್ರಗಳು ಏಷ್ಯಾ ಮೂಲದ ನಟರಿಗೆ ಆ ರಂಗದ ಮೇಲೆ ಸಿಗತೊಡಗಿದವು. 2022ರಲ್ಲಿ ಹಾಲಿವುಡ್‌ನ ಕೀರ್ತಿಪಥದಲ್ಲಿ ಅವರ ಹೆಸರಿನ ನಕ್ಷತ್ರ ಅನಾವರಣಗೊಂಡಾಗ ಅವರಿಗೆ 93 ವರ್ಷ.

ಪ್ರಶ್ನೆ: ಇಂಥ ನಟರ ಸಂಪಾದನೆ ಹೇಗೆ? ವರ್ಷವಿಡೀ ಕೆಲಸವಿರುವುದಿಲ್ಲವಲ್ಲ.

ಉತ್ತರ: ಇರುವುದಿಲ್ಲ, ಇದೇ ಈ ವೃತ್ತಿಯ ದೊಡ್ಡ ಕಷ್ಟ. ಅಮೆರಿಕದ ಚಲನಚಿತ್ರ ನಟರ ಸಂಘ ಹುಟ್ಟಿದ್ದು 1933ರಲ್ಲಿ. ಸ್ಟುಡಿಯೋಗಳು ಅದರೊಡನೆ ಮೊದಲ ಒಪ್ಪಂದಕ್ಕೆ ಬಂದದ್ದು 1937ರಲ್ಲಿ. ಕನಿಷ್ಠ ಸಂಭಾವನೆಯ ಅಗತ್ಯ ತಾರೆಯರಿಗಿಂತ ಹೆಚ್ಚಾಗಿ ದಿನದ ಲೆಕ್ಕದಲ್ಲಿ ಕೆಲಸ ಮಾಡುವವರಿಗಿತ್ತು. ಮುಂದೆ ಸ್ಟುಡಿಯೋ ಕರಾರುಗಳ ಕಾಲ ಮುಗಿದು, ವಾರದ ಸಂಬಳ ನಿಂತಾಗ ಎಷ್ಟೋ ಪೋಷಕ ನಟರನ್ನು ಉಳಿಸಿದ್ದು ಟೆಲಿವಿಷನ್. 1960ರಲ್ಲಿ ಸುಮಾರು ಆರು ವಾರ ನಡೆದ ಮುಷ್ಕರದಿಂದ ಅವರಿಗೆ ಪಿಂಚಣಿ ಮತ್ತು ಆರೋಗ್ಯ ಯೋಜನೆ ದೊರಕಿತು, ಚಿತ್ರ ಟಿವಿಯಲ್ಲಿ ಬಂದರೆ ಒಂದು ಪಾಲೂ ಸಿಗುವಂತಾಯಿತು. ಆದರೆ ಆ ಪಾಲು 1960ರ ನಂತರದ ಚಿತ್ರಗಳಿಗೆ ಮಾತ್ರ. ಅಂದರೆ 1940ರ ದಶಕದ ಚಿತ್ರ ಎಷ್ಟೇ ಸಲ ಪ್ರಸಾರವಾದರೂ ಅದರ ಗುಮಾಸ್ತನಿಗೂ ಟ್ಯಾಕ್ಸಿ ಚಾಲಕನಿಗೂ ಕವಡೆ ಕಾಸೂ ಬರಲಿಲ್ಲ. ಈ ನೋವು ಆ ತಲೆಮಾರಿನ ನಟರಲ್ಲಿ ಕೊನೆಯವರೆಗೂ ಇತ್ತು.

ಇವತ್ತಿನ ಸ್ಥಿತಿಯೂ ಹಗುರವಾಗಿಲ್ಲ. 2023ರಲ್ಲಿ ನಟರು 118 ದಿನ ಮುಷ್ಕರ ಹೂಡಿದಾಗ ಈ ಮಾತು ಎಲ್ಲರ ಕಿವಿಗೂ ಬಿತ್ತು: ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ಆಗ ಆ ವೃತ್ತಿಯಿಂದ ವರ್ಷಕ್ಕೆ 26 ಸಾವಿರ ಡಾಲರಿಗೂ ಮೇಲ್ಪಟ್ಟು ದುಡಿದಿರಬೇಕಿತ್ತು, ಸದಸ್ಯರಲ್ಲಿ ಬಹುಪಾಲು ಜನ ಅಷ್ಟನ್ನು ಮುಟ್ಟುತ್ತಲೇ ಇರಲಿಲ್ಲ. ಸ್ಟ್ರೀಮಿಂಗ್ ಬಂದ ಮೇಲೆ ಮರುಪ್ರಸಾರದ ಪಾಲು ಕುಗ್ಗಿದ್ದು ಮೊದಲು ತಟ್ಟಿದ್ದು ಇವರಿಗೇ, ಏಕೆಂದರೆ ಎರಡು ಪಾತ್ರಗಳ ನಡುವಿನ ಖಾಲಿ ತಿಂಗಳುಗಳನ್ನು ದಾಟಿಸುತ್ತಿದ್ದದ್ದು ಅಂಚೆಯಲ್ಲಿ ಬರುತ್ತಿದ್ದ ಆ ಸಣ್ಣ ಸಣ್ಣ ಚೆಕ್ಕುಗಳೇ. ಎಲಿಷಾ ಕುಕ್ 1980ರ ದಶಕದಲ್ಲಿ, ಎಂಬತ್ತರ ವಯಸ್ಸಿನಲ್ಲೂ, ಪತ್ತೇದಾರಿ ಧಾರಾವಾಹಿಯೊಂದರಲ್ಲಿ ಆಗಾಗ ಬಂದುಹೋಗುವ ಭೂಗತ ವ್ಯಕ್ತಿಯ ಪಾತ್ರ ಮಾಡುತ್ತಿದ್ದರು. ಅದನ್ನು ನೋಡಿದವರಲ್ಲಿ ಎಷ್ಟು ಜನಕ್ಕೆ ಆ ಕೆಸರಿನ ಬೀದಿಯ ಟಾರಿ ಈತನೇ ಎಂದು ಹೊಳೆಯಿತೋ! ನಿಮಗೆಲ್ಲಾದರೂ ಆ ಮುಖ ಕಂಡರೆ, ಚಿತ್ರ ಮುಗಿದ ಮೇಲೆ ಬರುವ ಹೆಸರುಪಟ್ಟಿಯನ್ನು ಎದ್ದುಹೋಗದೆ ಓದಿ.