ಕಾರ್ ರೇಸ್‌ನ ಓವಲ್ (ಅಂಡಾಕಾರದ) ಟ್ರ್ಯಾಕ್‌ನಲ್ಲಿ ಎಡಕ್ಕಷ್ಟೇ ತಿರುಗುವುದಾದರೆ, ಹೊಸ ಚಾಲಕ ರೇಸ್‌ಗೆ ಮುಂಚೆ ಕಲಿಯುವುದಾದರೂ ಏನನ್ನು?

ಮುಖ್ಯವಾಗಿ, ಬೇರೆ ಕಾರುಗಳ ಬೆನ್ನಿಗೇ ಓಡಿಸುವುದನ್ನು. ಖಾಲಿ ಟ್ರ್ಯಾಕ್‌ನಲ್ಲಿ ವೇಗವಾಗಿ ಸುತ್ತು ಹಾಕುವುದನ್ನು ಸಿಮ್ಯುಲೇಟರ್‌ನಲ್ಲೇ ಸಾಕಷ್ಟು ರೂಢಿಸಿಕೊಳ್ಳಬಹುದು. ಗುಂಪಿನ ನಡುವೆ ಅದೇ ತಿರುವು ಬೇರೆಯದೇ ಆಗಿಬಿಡುತ್ತದೆ.

ಕಾರಣ ಗಾಳಿ. ವೇಗದಲ್ಲಿ ಕಾರಿನ ಮೂತಿಗೆ ಬಡಿಯುವ ಗಾಳಿ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಮುಂದಿರುವ ಕಾರು ಆ ಗಾಳಿಯನ್ನು ಕಲಕಿದಾಗ ಒತ್ತಡ ಇಳಿದು ಹಿಂದಿರುವ ಕಾರಿನ ಮುಂಭಾಗದ ಟೈರ್‌ಗಳ ಹಿಡಿತ ತಪ್ಪುತ್ತದೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೂ ಕಾರು ಹೊರಗೋಡೆಯ ಕಡೆಗೇ ಜಾರುತ್ತದೆ. ಚಾಲಕರು ಇದನ್ನು ‘ಟೈಟ್’ ಎನ್ನುತ್ತಾರೆ. ಹೊಸಬರು ಗಾಬರಿಯಲ್ಲಿ ಇನ್ನಷ್ಟು ತಿರುಗಿಸುತ್ತಾರೆ. ಎಡ ತಿರುವಿನಲ್ಲಿ ಭಾರ ಬಲಬದಿಗೇ ಬೀಳುವುದರಿಂದ ಬಲ ಮುಂದಿನ ಟೈರ್ ಬೇಗ ಸವೆದುಹೋಗುತ್ತದೆ. ಮಾಡಬೇಕಾದದ್ದು ಇಷ್ಟೇ: ಆಕ್ಸಿಲರೇಟರ್ ತುಸು ಸಡಿಲಿಸಿ, ಪಕ್ಕದ ಸಾಲಿಗೆ ಸರಿದು ಕಲಕದ ಗಾಳಿ ಹಿಡಿಯುವುದು. ಹೇಳಲು ಸುಲಭ, ಆದರೆ ಗೋಡೆ ಹತ್ತಿರ ಬರುತ್ತಿರುವಾಗ ಕಾಲು ಮತ್ತು ಕೈ ಈ ಮಾತು ಕೇಳಲು ನಿಜಕ್ಕೂ ಅಭ್ಯಾಸ ಬೇಕು.

ಸರಿಯುವ ಮುನ್ನ ಪಕ್ಕ ಖಾಲಿಯಿದೆಯೇ ಎಂದು ರೇಡಿಯೊದಲ್ಲಿ ಹೇಳಲು ಎತ್ತರದಲ್ಲಿ ಒಬ್ಬ ‘ಸ್ಪಾಟರ್’ ನಿಂತಿರುತ್ತಾನೆ. ಅವನ ದನಿಯನ್ನು ಕಣ್ಣುಮುಚ್ಚಿ ನಂಬಲು ಕಲಿಯುವುದೂ ತಯಾರಿಯ ಭಾಗ.

ಟ್ರ್ಯಾಕ್ ಬದಲಾದರೆ ಪಾಠವೂ ಬದಲು. ಅಮೆರಿಕದ ನಾಸ್ಕಾರ್ ಕಾರ್ ರೇಸ್ ಸರಣಿಯ ಟ್ಯಾಲಡೇಗಾ ಟ್ರ್ಯಾಕ್‌ನಲ್ಲಿ ತಿರುವುಗಳು ಒಳಬದಿಗೆ 33 ಡಿಗ್ರಿ ವಾಲಿವೆ. ಮಾರ್ಟಿನ್ಸ್‌ವಿಲ್‌ನಲ್ಲಿ ಬರೀ 12. ಅಲ್ಲಿ ಪ್ರತಿ ತಿರುವಿಗೂ ವೇಗ ಬಹಳ ಇಳಿಸಬೇಕಾದ್ದರಿಂದ, ಗಾಳಿಗಿಂತ ಬ್ರೇಕ್ ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸ.