ಉಮೇಶ್ ಕತ್ತಿ ಎಂಟು ಸಲ ಗೆದ್ದದ್ದು ಹ್ಯಾಂಗ?

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಶಾಸಕ, ಮಂತ್ರಿ ಆಗಿದ್ದ ಉಮೇಶ್ ಕತ್ತಿ ಎಂಟು ಸಲ ಗೆದ್ದ ಲೆಕ್ಕ ಕೂಡಂಗಿಲ್ಲ ಅಂತ ನೀವು ಕೇಳಿದ್ದು ಬರೋಬ್ಬರಿ ಐತ್ರಿ. 1989ರಿಂದ 2018ರ ತನಕ ಸಾರ್ವತ್ರಿಕ ಚುನಾವಣೆ ಆಗಿದ್ದೇ ಏಳು, ಅದರಾಗ 2004ರಲ್ಲಿ ಸೋತರು. ಅಂದ್ರ ಗೆದ್ದದ್ದು ಆರು. ಮತ್ತ ಪೇಪರಿನಾಗ 'ಎಂಟು ಬಾರಿ ಶಾಸಕ' ಅಂತ ಬರೀತಾರಲ್ಲ ಅಂದ್ರಿ.

ಉಳಿದ ಎರಡೂ ಉಪಚುನಾವಣೆ. ಮೊದಲನೇದು 1985ರದ್ದು. ಹುಕ್ಕೇರಿ ಶಾಸಕರಾಗಿದ್ದ ತಂದೆ ವಿಶ್ವನಾಥ ಕತ್ತಿ ತೀರಿಕೊಂಡಾಗ ಇಪ್ಪತ್ನಾಲ್ಕರ ಹುಡುಗ ಉಮೇಶ್ ನಿಂತು ಗೆದ್ದರು. ಎರಡನೇದು ಸ್ವಲ್ಪ ಮಜಾ ಐತಿ. 2008ರ ಮೇ ತಿಂಗಳಾಗ ಜೆಡಿಎಸ್‌ನಿಂದ ಗೆದ್ದು, ಕೆಲವೇ ತಿಂಗಳಿಗೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಆಗಿನ ಆಪರೇಷನ್ ಕಮಲ ಅಂದ್ರ ಇದ. ಡಿಸೆಂಬರಿನಾಗ ಅದೇ ಹುಕ್ಕೇರಿಯಿಂದ ಮತ್ತ ಆರಿಸಿ ಬಂದರು. ಒಂದ ವರ್ಷ, ಒಂದ ಕ್ಷೇತ್ರ, ಎರಡು ಪಕ್ಷ, ಎರಡು ಗೆಲುವು! ನಿಮ್ಮ ಲೆಕ್ಕ ತಪ್ಪಿದ್ದು ಇಲ್ಲೇ.

ಜನತಾ ಪಕ್ಷ, ಜನತಾ ದಳ, ಜೆಡಿಯು, ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಎಲ್ಲಾ ಸುತ್ತಿದರು. ಸೋತದ್ದು ಕಾಂಗ್ರೆಸ್ ಟಿಕೆಟಿನ ಮ್ಯಾಲೆ. ನನ್ನ ಪ್ರಕಾರ ಹುಕ್ಕೇರಿ ಕಡೆ ಮಂದಿ ಚಿಹ್ನೆಗಿಂತ ಮನೆತನ ನೋಡಿ ಓಟು ಹಾಕ್ತಾರ, ಆದರ 2004 ನೋಡಿದರ ಅದೂ ಪೂರಾ ಖರೆ ಅಲ್ಲ ಬಿಡ್ರಿ.

ಪ್ರತ್ಯೇಕ ಉತ್ತರ ಕರ್ನಾಟಕದ ಮಾತು ಮಂತ್ರಿಯಾಗಿದ್ದಾಗಲೂ ಬಿಡಲಿಲ್ಲ. 2022ರ ಸೆಪ್ಟೆಂಬರ್ 6ರಂದು ಬೆಂಗಳೂರಿನಾಗ ತೀರಿಕೊಂಡಾಗ ಆಹಾರ ಮತ್ತು ಅರಣ್ಯ ಎರಡೂ ಖಾತೆ ಅವರ ಹತ್ತಿರನ ಇದ್ದವು. 2023ರಾಗ ಮಗ ನಿಖಿಲ್ ಹುಕ್ಕೇರಿಯಿಂದಲೇ ಗೆದ್ದಾರ.